ಸೇತುವೆ ಕೆಳಗಿನ ದೊರೆಗೊಂದು ಪತ್ರ

ಹೇಗ್‌ನ ಹಳೆಯ ಚಿತ್ರಮಂದಿರವೊಂದರಲ್ಲಿ ಭಾನುವಾರ ಮಧ್ಯಾಹ್ನ ಕಪ್ಪುಬಿಳುಪು ಸಿನಿಮಾಗಳನ್ನು ತೋರಿಸುತ್ತಾರೆ. ಒಂದು ಸಲ ಅಲ್ಲಿಗೆ ಹೋಗಿ ಬಂದ ಮೇಲೆ ವತ್ಸಲಾಗೆ ಹುಚ್ಚು ಹಿಡಿಯಿತು. ಆಸ್ಪತ್ರೆಗೆ ಹೋಗುವ ಹುಚ್ಚಲ್ಲ, ನಾಟಕದ ಹುಚ್ಚು. ಅದು ಹಿಡಿದವರಿಗೆ ಗಂಡ, ಅಡುಗೆ, ಆಫೀಸು ಯಾವುದೂ ಕಣ್ಣಿಗೆ ಕಾಣುವುದಿಲ್ಲ.

ಅದು ತೊಂಬತ್ತು ವರ್ಷದ ಹಿಂದಿನ ಅಮೆರಿಕದ ಸಿನಿಮಾ. ಬ್ಯಾಂಕುಗಳು ಮುಳುಗಿ, ಕಾರ್ಖಾನೆಗಳು ಬಾಗಿಲು ಹಾಕಿ, ಜನ ಗುಂಪುಗುಂಪಾಗಿ ಬೀದಿಗೆ ಬಿದ್ದಿದ್ದ ಕಾಲದಲ್ಲಿ ಅದೇ ಜನರನ್ನು ನಗಿಸಲು ತೆಗೆದದ್ದು. ದೊಡ್ಡ ಸೇತುವೆಯೊಂದರ ಕೆಳಗೆ ಮನೆಯಿಲ್ಲದ ಹತ್ತು ಹನ್ನೆರಡು ಗಂಡಸರು. ಅವರಲ್ಲೇ ಒಬ್ಬ ದೊರೆ, ಒಬ್ಬ ಮಂತ್ರಿ, ಒಬ್ಬ ಕೊತ್ವಾಲ. ಪಿಯಾನೋ ಬಂದಿದ್ದ ಮರದ ಪೆಟ್ಟಿಗೆಯನ್ನು ಅರಮನೆ ಮಾಡಿಕೊಂಡು ಅದಕ್ಕೆ ಗೃಹಪ್ರವೇಶ ಬೇರೆ ಮಾಡುತ್ತಾರೆ. ಮಾತಾಡುತ್ತ ಮಾತಾಡುತ್ತಲೇ ಹಾಡಿಗೆ ಜಾರುತ್ತಾರೆ. ಓಡಿಸಲು ಬಂದ ಪೊಲೀಸನೇ ಕೊನೆಗೆ ಲಾಠಿಯಲ್ಲಿ ತಾಳ ಹಾಕುತ್ತಾನೆ. ವತ್ಸಲಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

ಊರಿನ ಕನ್ನಡ ಬಳಗಕ್ಕೆ ಅವಳೇ ಸಾಂಸ್ಕೃತಿಕ ಕಾರ್ಯದರ್ಶಿ. ಪ್ರತಿವರ್ಷ ರಾಜ್ಯೋತ್ಸವ ಎಂದರೆ ಮಕ್ಕಳ ಕುಣಿತ, ಹಿರಿಯರ ಭಾಷಣ, ಆಮೇಲೆ ಪುಳಿಯೋಗರೆ, ಇಷ್ಟರಲ್ಲೇ ಮುಗಿದುಹೋಗುತ್ತಿತ್ತು. ಈ ಸಲ ಆ ಸಿನಿಮಾದ ಜಾಡಿನಲ್ಲೇ ಒಂದೂವರೆ ಗಂಟೆಯ ಹಾಡುನಾಟಕ ಆಗಲೇಬೇಕೆಂದು ಪಟ್ಟು ಹಿಡಿದಳು. ತಾನೇ ಕೂತು ಬರೆದಳು. 'ಸೇತುವೆ ಕೆಳಗಿನ ದೊರೆ' ಎಂದು ಹೆಸರಿಟ್ಟಳು. ಗಂಡ ನಾರಾಯಣಸ್ವಾಮಿ ಓದಿ, "ಮನೆ ಇಲ್ಲದೋರ ಬಗ್ಗೆ ಬರೆಯೋಕೆ ಮನೇನೇ ಮರೆತುಬಿಟ್ಯಲ್ಲೇ, ಮೂರು ದಿನದಿಂದ ಮೊಸರನ್ನ ತಿಂತಾ ಇದೀನಿ" ಅಂದ. ಆದರೂ ಎರಡು ಕಡೆ ನಕ್ಕಿದ್ದ. ಅವಳಿಗೆ ಅಷ್ಟು ಸಾಕಾಗಿತ್ತು.

ತೊಡಕು ಬಂದದ್ದು ದೊರೆಯ ಪಾತ್ರಕ್ಕೆ. ಬಳಗದ ತುಂಬ ಸಾಫ್ಟ್‌ವೇರಿನವರೇ. ಮಾತಿನಿಂದ ಹಾಡಿಗೆ ಜಾರುವುದು ಅವರಲ್ಲಿ ಒಬ್ಬರಿಗೂ ಬಗ್ಗಲಿಲ್ಲ. ಚರಣ್ ಎಂಬುವನು ಪಾಪ ಬಹಳ ಉತ್ಸಾಹದಿಂದಲೇ ಬಂದ; ಆದರೆ ಅವನ ಬಾಯಲ್ಲಿ ಹಾಡು ಮೀಟಿಂಗಿನ ವರದಿ ಓದಿದ ಹಾಗೆ ಬರುತ್ತಿತ್ತು. ಎರಡು ವಾರ ತಲೆ ಚಚ್ಚಿಕೊಂಡ ಮೇಲೆ ವತ್ಸಲಾಗೆ ರಜಾಕ್ ನೆನಪಾದ.

ರಜಾಕ್ ದಾವಣಗೆರೆಯವನು, ನಲವತ್ತರ ಆಸುಪಾಸು. ಹೆಂಡತಿಯಿಂದ ಬೇರೆಯಾಗಿ, ಮಗಳನ್ನೂ ಅವಳ ಹತ್ತಿರವೇ ಬಿಟ್ಟು, ದೇಶದ ಇನ್ನೊಂದು ತುದಿಯ ಎನ್ಸ್‌ಕೆಡೆ ಊರಿನಿಂದ ಬಂದ ಹೊಸದರಲ್ಲಿ, ಮೂರು ವರ್ಷದ ಹಿಂದೆ, ಇವರ ಮನೆಯ ಅಟ್ಟದ ಕೋಣೆಯಲ್ಲಿ ಎಂಟು ತಿಂಗಳು ಬಾಡಿಗೆಗಿದ್ದ. ಮೆಟ್ಟಿಲು ಹತ್ತುವಾಗ ಹಾಡು, ಬಟ್ಟೆ ಮಡಚುವಾಗ ಹಾಡು. ವತ್ಸಲಾ ಒಲೆ ಸಣ್ಣ ಮಾಡಿ ಕೇಳುತ್ತಿದ್ದಳು. ಈ ದೇಶದಲ್ಲಿ ಎಲ್ಲಿ ಮಲಗುತ್ತೇವೋ ಆ ವಿಳಾಸ ಗೆಮೇಂಟೆಯಲ್ಲಿ, ಅಂದರೆ ನಗರಸಭೆಯಲ್ಲಿ, ದಾಖಲಾಗಬೇಕು. ಆದರೆ ಇವರದೇ ಬಾಡಿಗೆ ಮನೆ, ಇನ್ನೊಬ್ಬರಿಗೆ ಒಳಬಾಡಿಗೆ ಕೊಡಕೂಡದೆಂದು ಕರಾರು. "ರಿಜಿಸ್ಟ್ರೇಷನ್ ಒಂದು ಬಿಟ್ಟು ಬೇರೆ ಏನ್ ಬೇಕಾದ್ರೂ ಕೇಳಿ" ಎಂದು ನಾರಾಯಣಸ್ವಾಮಿ ಮೊದಲ ದಿನವೇ ಹೇಳಿದ್ದ. ನಮ್ಮವರಲ್ಲಿ ಇದೇನೂ ಹೊಸದಲ್ಲ, ಎಷ್ಟೋ ಅಟ್ಟಗಳಲ್ಲಿ ಎಷ್ಟೋ ಜನ ಹೀಗೆ ಲೆಕ್ಕಕ್ಕಿಲ್ಲದೆ ಮಲಗೆದ್ದು ಹೋಗಿದ್ದಾರೆ. ರಜಾಕ್‌ನ ಹೆಸರು ಎನ್ಸ್‌ಕೆಡೆಯಲ್ಲೇ, ಹೆಂಡತಿಯ ವಿಳಾಸದಲ್ಲೇ ಉಳಿಯಿತು.

ಫೋನು ಮಾಡಿದಳು. ಮೊದಲ ರಿಹರ್ಸಲಿಗೇ ಬಂದ. ಕಾಗದ ಕೈಗೆ ತೆಗೆದುಕೊಂಡು ಒಮ್ಮೆ ಓದಿ, "ಗೋಡೆ ಇಲ್ಲ, ಬೀಗ ಇಲ್ಲ, ಕಳ್ಳ ಬಂದರೂ ಕೆಲಸವಿಲ್ಲ" ಎಂದು ಮಾತಿನಂತೆ ಶುರುಮಾಡಿದವನು ಮೂರನೇ ಸಾಲಿಗೆ ಹಾಡುತ್ತಿದ್ದ. ಎಲ್ಲಿ ಜಾರಿದ ಎಂದು ಯಾರಿಗೂ ಗೊತ್ತಾಗಲಿಲ್ಲ. ಚರಣ್ ತಾನಾಗಿಯೇ ಎದ್ದು ಮಂತ್ರಿಯ ಜಾಗದಲ್ಲಿ ನಿಂತುಕೊಂಡ.

ಎಲ್ಲರಿಗೂ ಒಂದು ಅಂದಾಜು ಸಿಗಲೆಂದು ವತ್ಸಲಾ ಒಂದು ಶನಿವಾರ ಮನೆಯಲ್ಲಿ ಆ ಸಿನಿಮಾ ಹಾಕಿದಳು. ಹದಿನಾಲ್ಕು ಜನ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ರಜಾಕ್ ಕೂಡ ನಕ್ಕ. ಮುಗಿದ ಮೇಲೆ ಲೋಟ ತೊಳೆಯಲು ಅಡುಗೆಮನೆಗೆ ಬಂದವನು ಬೇರೆ ಮಾತು ತೆಗೆದ.

"ಅಕ್ಕಾರ, ಒಂದು ಗಮನಿಸಿದ್ರೇನು? ಆ ಸಿನಿಮಾದಾಗ ಯಾರಿಗೂ ಪಾಯಖಾನಿಗೆ ಹೋಗೋ ಕೆಲಸನ ಇಲ್ಲ. ಮುಂಜಾನೆ ಎದ್ದವರು ಸೀದಾ ಹಾಡಾಕ ನಿಲ್ತಾರ."

ವತ್ಸಲಾ ಗೊಳ್ಳೆಂದು ನಕ್ಕಳು. "ಅದನ್ನೆಲ್ಲ ತೋರಿಸಿದ್ರೆ ಯಾರು ನೋಡ್ತಾರೋ ಮಾರಾಯ?"

"ಹೌದ್ರಿ, ಅದೂ ಖರೆ" ಅಂದ. ಲೋಟ ಒರೆಸಿಟ್ಟು, ಟವೆಲನ್ನು ನೀಟಾಗಿ ಮಡಚಿದ. ಆಮೇಲೆ ದನಿ ತಗ್ಗಿಸಿ ಹೇಳಿದ, "ನಂಗ ಗೊತ್ತೈತಿ ಅಂತ ಹೇಳಿದೆ. ನಾನೀಗ ಕಾರಿನಾಗ ಇರೋದು. ಎರಡು ತಿಂಗಳಾತು."

ಅವನಿದ್ದ ಮನೆ ಮಾರಾಟವಾಗಿತ್ತು. ಅದಕ್ಕೂ ಮೊದಲೇ ಕಂಪನಿ ಮುಚ್ಚಿ ಕೆಲಸ ಹೋಗಿತ್ತು. ಈಗ ಬೆಳಗಿನ ಹೊತ್ತು ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದ. ಸ್ನಾನಕ್ಕೆಂದೇ ಒಂದು ಜಿಮ್ಮಿಗೆ ಸೇರಿದ್ದ. ಊರಿನ ಒಪ್‌ವಾಂಗ್‌ನಲ್ಲಿ, ಮನೆ ಕಳೆದುಕೊಂಡವರಿಗೆ ಗೆಮೇಂಟೆ ನಡೆಸುವ ವಸತಿಯಲ್ಲಿ, ಜಾಗ ಕೇಳಿದ್ದ. ಸಿಕ್ಕರೆ ಹಾಸಿಗೆಯ ಜೊತೆಗೆ ಒಂದು ವಿಳಾಸ, ಮುಂದೊಂದು ದಿನ ಒಂದು ಕೋಣೆ. ಆದರೆ ಅವನು ಈ ಊರಿನವನೇ, ಮೂರು ವರ್ಷದಿಂದ ಇಲ್ಲೇ ಇದ್ದಾನೆ ಎಂದು ತೋರಿಸಬೇಕು. ಕಾಗದಪತ್ರವೆಲ್ಲ ಎನ್ಸ್‌ಕೆಡೆಯವನು ಎಂದೇ ಹೇಳುತ್ತಿದ್ದವು.

"ಎನ್ಸ್‌ಕೆಡೆಗೇ ಹೋಗು, ಅಲ್ಲಿ ಜಾಗ ಕೊಡ್ತಾರ ಅಂತಾರ್ರಿ. ಅಲ್ಲಿ ಆ ಒಪ್‌ವಾಂಗ್ ಇರೋದು ಜವೇರಿಯಾನ ಸ್ಕೂಲ್ ಹಾದಿಯಾಗ. ಹನ್ನೆರಡು ವರ್ಷದ ಹುಡುಗಿ, ದಿನಾ ಗೆಳತ್ಯಾರ ಜೋಡಿ ಸೈಕಲ್ ಮ್ಯಾಲೆ ಹೋಗ್ತಾಳ. ಅಪ್ಪ ಅಲ್ಲಿ ಸಾಲಿನಾಗ ನಿಂತಿರೋದು ಅವಳ ಕಣ್ಣಿಗೆ ಬೀಳಬಾರ್ದು ನೋಡ್ರಿ, ಅದೊಂದು ನಂಗ ಆಗಂಗಿಲ್ಲ." ಮಡಚಿದ ಟವೆಲನ್ನು ಬದಿಗಿಟ್ಟು ಅಂದ, "ನೀವು ಎರಡು ಸಾಲು ಬರದು ಕೊಟ್ರ ಸಾಕು. ಎಂಟು ತಿಂಗಳು ನಿಮ್ಮ ಮನಿಯಾಗ ಇದ್ದೆ ಅಂತ. ಆಮ್ಯಾಲೆ ನಾ ಇದ್ದ ಬ್ಯಾರೆ ಮನಿಯವರೂ ಬರದು ಕೊಟ್ಟಾರ. ನಿಮ್ಮದು ಒಂದು ಆದ್ರ ಲೆಕ್ಕ ತುಂಬ್ತತಿ. ಗುರುವಾರ ಕರದಾರ."

ವತ್ಸಲಾ ಆಗಲೇ ಹೂಂ ಅನ್ನಬೇಕಿತ್ತು. ಅಂದಳು ಕೂಡ. ಆದರೆ ಮರುಗಳಿಗೆಗೆ ಒಂದು ಪ್ರಶ್ನೆ ಕೇಳಿದಳು, ಆ ಪ್ರಶ್ನೆಗಾಗಿ ತನ್ನನ್ನು ತಾನು ಇಂದಿಗೂ ಕ್ಷಮಿಸಿಕೊಂಡಿಲ್ಲ.

"ಅಲ್ಲಿ ಸೇರಿದ್ರೆ ಸಂಜೆ ಹೊರಗೆ ಬಿಡ್ತಾರಾ?"

"ಏಳರೊಳಗ ಒಳಗ ಇರಬೇಕ್ರಿ. ತಪ್ಪಿಸಿದ್ರ ಹಾಸಿಗಿ ಬ್ಯಾರೆಯವರಿಗೆ."

ರಿಹರ್ಸಲ್ ನಡೆಯುತ್ತಿದ್ದುದು ವಾರಕ್ಕೆ ನಾಲ್ಕು ದಿನ, ಸಂಜೆ ಏಳಕ್ಕೆ. ನಾಟಕಕ್ಕೆ ಇನ್ನು ಮೂರೇ ವಾರ. ಸಭಾಂಗಣ ಗೊತ್ತಾಗಿತ್ತು, ಇನ್ನೂರೈವತ್ತು ಜನ ಹೆಸರು ಕೊಟ್ಟಿದ್ದರು, ರಾಯಭಾರ ಕಚೇರಿಯವರೂ ಬರುತ್ತೇವೆಂದಿದ್ದರು. ದೊರೆಯೇ ಇಲ್ಲವೆಂದರೆ ಸೇತುವೆಯ ಕೆಳಗೆ ಏನಿರುತ್ತದೆ? ಅವಳು ಟೀ ಮತ್ತೆ ಬಿಸಿ ಮಾಡಿದಳು. ಅವನ ಲೋಟ ತುಂಬಿಸಿದಳು. ಆಮೇಲೆ ಬಹಳ ಮೆತ್ತಗೆ ಹೇಳಿದಳು.

"ರಜಾಕ್, ಆ ಗುರುವಾರದ ಅಪಾಯಿಂಟ್‌ಮೆಂಟ್ ಮೂರು ವಾರ ಮುಂದಕ್ಕೆ ಹಾಕಿಸೋಕಾಗುತ್ತಾ ನೋಡು. ಶೋ ಒಂದು ಮುಗೀಲಿ. ನಾನು ಫಸ್ಟ್ ಕ್ಲಾಸಾಗಿ ಲೆಟರ್ ಬರೆದುಕೊಡ್ತೀನಿ. ನನ್ನ ಮೇಲೆ ಬಿಡು."

ಅವನು ಲೋಟದ ಕಡೆ ನೋಡುತ್ತಿದ್ದ. "ಆಗ್ಲಿ ಬಿಡ್ರಿ ಅಕ್ಕಾರ. ಎರಡು ತಿಂಗಳು ಕಳದೀನಿ. ಇನ್ನ ಮೂರು ವಾರ ಏನು."

ಮೂರು ವಾರ ಎಂದರೆ ನವೆಂಬರಿನ ಮೂರು ವಾರ. ಬೆಳಿಗ್ಗೆ ಕಾರಿನ ಗಾಜಿನ ಮೇಲಿನ ಹಿಮವನ್ನು ಕೆರೆಯುವಾಗಲೆಲ್ಲ ವತ್ಸಲಾಗೆ ಇನ್ನೊಂದು ಗಾಜಿನ ನೆನಪಾಗುತ್ತಿತ್ತು. ಆದರೇನು, ನೆನಪಿಗೆ ಕಾಸು ಖರ್ಚಿಲ್ಲ. ಅವಳು ಕಾರ್ಯಕ್ಕೂ ಇಳಿದಳು: ಪ್ರತಿ ರಿಹರ್ಸಲಿಗೂ ಒಂದು ಡಬ್ಬಿ ಬಿಸಿಬೇಳೆಭಾತು, ಫ್ಲಾಸ್ಕಿನಲ್ಲಿ ಟೀ, ನಾರಾಯಣಸ್ವಾಮಿಯ ಹಳೆಯ ಜಾಕೆಟ್ಟು. ಅಟ್ಟದ ಕೋಣೆ ಮಾತ್ರ ಕೊಡಲಿಲ್ಲ. ಮಂಚ ಇತ್ತು, ಹೀಟರ್ ಇತ್ತು. ಆದರೆ ಅಲ್ಲಿ ನಾಟಕದ ಸಾಮಾನು ತುಂಬಿತ್ತು: ರಟ್ಟಿನ ಸೇತುವೆ, ಪಿಯಾನೋ ಪೆಟ್ಟಿಗೆ, ಬೇಕೆಂದೇ ಕತ್ತರಿಯಲ್ಲಿ ಹರಿದು ತೇಪೆ ಹಾಕಿದ ಕೋಟುಗಳು. ಮನೆಯಿಲ್ಲದವರ ನಾಟಕದ ಸಾಮಾನಿಗೆ ಅವಳ ಮನೆಯಲ್ಲಿ ಜಾಗವಿತ್ತು. ಆಗ ಇದು ಅವಳ ತಲೆಗೆ ಹೊಳೆಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು, ಅವಳು ಅದನ್ನು ಪಕ್ಕಕ್ಕೆ ಸರಿಸಿ ಕೋಟಿಗೆ ಇನ್ನೊಂದು ತೇಪೆ ಹಾಕಿದಳು.

ನಾಟಕ ಗೆದ್ದಿತು. ಎಷ್ಟರಮಟ್ಟಿಗೆ ಗೆದ್ದಿತೆಂದರೆ ಪೆಟ್ಟಿಗೆಯ ಗೃಹಪ್ರವೇಶದ ದೃಶ್ಯವನ್ನು ಜನ ಎರಡು ಸಲ ಆಡಿಸಿದರು. ರಜಾಕ್ ಆ ಪೆಟ್ಟಿಗೆಯೊಳಗೆ ಕಾಲು ಮಡಚಿ, ತಲೆ ಬಗ್ಗಿಸಿ, ಮೊಣಕೈಯನ್ನು ಎಲ್ಲಿ ಇಡುವುದೆಂದು ಹುಡುಕುತ್ತ, ಕೊನೆಗೆ ಕೋಟನ್ನೇ ದಿಂಬು ಮಾಡಿಕೊಂಡು ಮಲಗುವ ಚಂದಕ್ಕೆ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಪಕ್ಕದಲ್ಲಿ ನಿಂತಿದ್ದ ಬಳಗದ ಹುಡುಗಿ ಗಾನವಿ, "ಏನ್ ನ್ಯಾಚುರಲ್ ಆಗಿ ಮಾಡ್ತಾರೆ ಅಲ್ವಾ ಆಂಟಿ?" ಅಂದಳು. ವತ್ಸಲಾ ಹೌದಮ್ಮ ಎಂದು ತಲೆಯಾಡಿಸಿದಳು. ಆಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿರ್ದೇಶಕಿಯನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಪಕ್ಕದಲ್ಲಿ ರಜಾಕ್‌ಗೂ ಒಂದು ಶಾಲು ಬಿತ್ತು, ಅವನು ಅದನ್ನು ಅಲ್ಲೇ ಸರಿಯಾಗಿ ಮೈತುಂಬ ಹೊದ್ದುಕೊಂಡ.

ಮಾರನೇ ದಿನ ಭಾನುವಾರ. ತಿಂಡಿ ಮುಗಿಸಿ ವತ್ಸಲಾ ಲ್ಯಾಪ್‌ಟಾಪ್ ತೆರೆದಳು. ಮೂರು ವಾರದ ಪಾಪವನ್ನು ಒಂದೇ ಕಾಗದದಲ್ಲಿ ತೊಳೆಯಬೇಕೆಂಬ ಹಟ ಬಂದಿತ್ತು ಅವಳಿಗೆ. ಇಂಗ್ಲಿಷಿನಲ್ಲೇ ಬರೆದಳು. ನಾರಾಯಣಸ್ವಾಮಿ ಹೆಗಲ ಮೇಲಿಂದ ಓದಿ ತಡೆದ.

"ಬಾಡಿಗೆ, ಟೆನೆಂಟ್ ಅಂತೆಲ್ಲ ಹಾಕ್ಬೇಡ ಕಣೆ. ನಮ್ಮ ಸಿಟಿಜನ್‌ಶಿಪ್ ಅರ್ಜಿ ಅದೇ ಗೆಮೇಂಟೆಯವರ ಟೇಬಲ್ ಮೇಲೇ ಇದೆ. ಓನರ್‌ಗೆ ಗೊತ್ತಾದ್ರೆ ನಾವೂ ಸೇತುವೆ ಕೆಳಗೇ. ಗೆಸ್ಟ್ ಆಗಿದ್ದ ಅಂತ ಬರಿ."

"ಎಂಟು ತಿಂಗಳು ಗೆಸ್ಟಾ?"

"ನಮ್ಮ ಕಡೆ ಇರಲ್ವಾ? ನಮ್ಮ ಸೋದರಮಾವ ಆರು ವರ್ಷ ಇದ್ದ."

ಸರಿ, ಅತಿಥಿ ಎಂದಳು. ಅತಿಥಿ ಎಂದ ಮೇಲೆ ಬರಿದಾಗಿ ಬಿಡುವುದು ಹೇಗೆ? ಊರಲ್ಲಿ ಯಾರಿಗಾದರೂ ಪರಿಚಯದ ಪತ್ರ ಬರೆದರೆ ನಾಲ್ಕು ಒಳ್ಳೆಯ ಮಾತು ಹಾಕುತ್ತಾರೆ, ಹಾಕದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಅರ್ಥ. ಅವಳ ಬೆರಳು ಓಡಿತು. ಶ್ರೀ ರಜಾಕ್ ಎಂಟು ತಿಂಗಳು ಈ ಊರಿನ ನಮ್ಮ ಮನೆಯಲ್ಲಿ ಇದ್ದರು. ಅವರು ನನಗೆ ಸ್ವಂತ ತಮ್ಮನಿದ್ದಂತೆ. ನಮ್ಮ ಕುಟುಂಬದಲ್ಲಿ ಒಬ್ಬರು. ನಮ್ಮ ಮನೆಯ ಬಾಗಿಲು ಅವರಿಗೆ ಯಾವಾಗಲೂ ತೆರೆದಿದೆ. ಬರೆದು ಮುಗಿಸಿದಾಗ ಅವಳ ಕಣ್ಣೇ ಒದ್ದೆಯಾಗಿತ್ತು. ರಜಾಕ್ ಬಂದು, ಬಾಗಿಲಲ್ಲೇ ನಿಂತು ಓದಿ, "ಬಾಳ ದೊಡ್ಡ ಮಾತು ಬರದೀರಿ" ಅಂದ. ಅವನಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಅವನೂ ನಮ್ಮ ಕಡೆಯವನೇ ತಾನೆ, ಅವನಿಗೆ ಹೇಗೆ ಕಾಣಬೇಕು?

ಮಂಗಳವಾರ ಹನ್ನೊಂದು ಗಂಟೆಗೆ ಫೋನು ಬಂತು. ವತ್ಸಲಾ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಗೆಮೇಂಟೆಯ ಹೆಂಗಸು, ತುಂಬ ಸೌಮ್ಯವಾದ ದನಿ, ಚೊಕ್ಕ ಇಂಗ್ಲಿಷು. ರಜಾಕ್ ತನ್ನ ಎದುರಿಗೇ ಕೂತಿದ್ದಾರೆ, ಫೋನು ಸ್ಪೀಕರಿನಲ್ಲಿದೆ, ಅಭ್ಯಂತರವಿಲ್ಲ ತಾನೆ ಎಂದು ಕೇಳಿದಳು.

"ನಿಮ್ಮ ಪತ್ರ ಓದಿ ನನಗೆ ಬಹಳ ಸಂತೋಷವಾಯಿತು, ಮೇಡಂ. ಇಂಥ ಪತ್ರ ನಮಗೆ ಬರುವುದೇ ಇಲ್ಲ. ಹೆಚ್ಚಿನವರಿಗೆ ಯಾರೂ ಇರುವುದಿಲ್ಲ, ಆದ್ದರಿಂದಲೇ ಇಲ್ಲಿಗೆ ಬರುತ್ತಾರೆ. ಇವರಿಗೆ ನೀವಿದ್ದೀರಿ. ಬಾಗಿಲು ಯಾವಾಗಲೂ ತೆರೆದಿದೆ ಎಂದು ಬರೆದಿದ್ದೀರಿ. ಹಾಗಿದ್ದರೆ ಇವರು ಇವತ್ತೇ ನಿಮ್ಮಲ್ಲಿಗೆ ಬರಬಹುದೇ?"

ಮೇಲೆ ಅಟ್ಟದಲ್ಲಿ ಮಂಚ ಖಾಲಿಯಾಗಿತ್ತು. ನಾಟಕದ ಸಾಮಾನು ನಿನ್ನೆಯೇ ಬಳಗದ ಗೋದಾಮಿಗೆ ಹೋಗಿತ್ತು. ಬರಲಿ ಎಂಬ ಒಂದು ಮಾತು ಸಾಕಿತ್ತು. ಆದರೆ ವತ್ಸಲಾಳ ಕಣ್ಣಿಗೆ ಕಂಡದ್ದು ಮನೆ ಓನರ್, ಕರಾರಿನ ಕಾಗದ, ಒಂಬತ್ತು ವರ್ಷ ಕಾದು ಹಾಕಿದ ಅರ್ಜಿ.

"ಅದು... ನಮ್ಮಲ್ಲಿ ಹಾಗೆ ಬರೆಯುವುದು ವಾಡಿಕೆ" ಅಂದಳು. "ಪ್ರೀತಿಗೆ ಹೇಳುವ ಮಾತು. ಈಗ ನಮ್ಮ ಮನೆಯಲ್ಲಿ ಅನುಕೂಲ ಇಲ್ಲ."

"ಅಂದರೆ ಅದು ನಿಜವಲ್ಲ?" ಗೆಮೇಂಟೆಯವಳ ದನಿಯಲ್ಲಿ ಕೊಂಕಿರಲಿಲ್ಲ, ಅರ್ಥಮಾಡಿಕೊಳ್ಳಲು ಕೇಳುತ್ತಿದ್ದಳು ಅಷ್ಟೆ. "ಹಾಗಾದರೆ ಎಂಟು ತಿಂಗಳು ಇದ್ದರು ಎಂಬುದು? ಅದು ನಿಜವೇ, ಅಥವಾ ಅದೂ ಪ್ರೀತಿಗೆ ಹೇಳಿದ್ದೇ? ನಿಜವಾದರೆ ಬಾಡಿಗೆಗಿದ್ದರೇ? ನಾನು ಇಲ್ಲಿ ಒಂದನ್ನು ಬರೆದುಕೊಳ್ಳಬೇಕು, ಮೇಡಂ."

ಇದಕ್ಕೆ ಹೌದು ಅಂದಿದ್ದರೆ ಮುಗಿಯುತ್ತಿತ್ತು. ಬಾಡಿಗೆಗಿದ್ದರು, ತಪ್ಪು ನಮ್ಮದು, ನಾವು ದಾಖಲು ಮಾಡಿಸಲಿಲ್ಲ. ಮೂರು ಸಣ್ಣ ವಾಕ್ಯ. ವೇದಿಕೆಗೆಂದು ತೊಂಬತ್ತು ನಿಮಿಷದ ಮಾತು ಬರೆದವಳು ಆ ಮೂರು ವಾಕ್ಯ ಹೇಳಲಾರದೆ ಕೂತಳು. ಪಕ್ಕದ ಕೋಣೆಯಲ್ಲಿ ನಾರಾಯಣಸ್ವಾಮಿ ಆಫೀಸಿನವರ ಜೊತೆ ಯಾವುದೋ ಜೋಕಿಗೆ ನಗುತ್ತಿದ್ದ. ಫೋನಿನ ಆ ಕಡೆ ಕೀಲಿಮಣೆಯ ಸದ್ದು ನಿಂತಿತ್ತು.

ಕೊನೆಗೆ ರಜಾಕ್‌ನ ದನಿ ಕೇಳಿತು. ಡಚ್ಚಿನಲ್ಲಿ, ನಿಧಾನವಾಗಿ, ಒಂದೊಂದೇ ಶಬ್ದ ಎತ್ತಿಡುತ್ತ ಹೇಳುತ್ತಿದ್ದ. ಇವರನ್ನು ತೊಂದರೆಪಡಿಸಬೇಡಿ ಮೇಡಂ. ಒಳ್ಳೆಯವರು, ಉಪಕಾರ ಮಾಡಲು ಹೋಗಿ ಜಾಸ್ತಿ ಬರೆದಿದ್ದಾರೆ. ನಾನು ಅವರ ಮನೆಯಲ್ಲಿ ಇರಲಿಲ್ಲ. ಆಗೊಮ್ಮೆ ಈಗೊಮ್ಮೆ ಊಟಕ್ಕೆ ಹೋಗುತ್ತಿದ್ದೆ.

"ಇರಲಿಲ್ಲವೇ?" ಎಂದು ಆ ಹೆಂಗಸು ಕೇಳಿದಳು.

"ಇಲ್ಲ."

ವತ್ಸಲಾ ಕೇಳಿಸಿಕೊಂಡಳು. ಅವನು ತನ್ನನ್ನು ಕಾಪಾಡುತ್ತಿದ್ದಾನೆ ಎಂದು ಗೊತ್ತಾಯಿತು, ತಾನು ಕಾಪಾಡಿಸಿಕೊಳ್ಳುತ್ತಿದ್ದೇನೆ ಎಂದೂ ಗೊತ್ತಾಯಿತು. ಬಾಯಿ ತೆರೆಯಲು ಆಗಲೂ ಹೊತ್ತಿತ್ತು. ಕೀಲಿಮಣೆ ಮತ್ತೆ ಸದ್ದು ಮಾಡತೊಡಗಿತು. ಹಾಗಿದ್ದರೆ ಕಾಗದದ ಪ್ರಕಾರ ಎನ್ಸ್‌ಕೆಡೆಯೇ ಆಗುತ್ತದೆ, ಅಲ್ಲಿಗೆ ನಾನೇ ಫೋನು ಮಾಡಿ ತಿಳಿಸುತ್ತೇನೆ, ಇವತ್ತೇ ಹಾಸಿಗೆ ಸಿಗಬಹುದು ಎಂದು ಆ ಹೆಂಗಸು ಹೇಳಿ, ನಿಮ್ಮ ಸಮಯಕ್ಕೆ ವಂದನೆಗಳು ಅಂದಳು. ಕುರ್ಚಿ ಸರಿದ ಸದ್ದಾಯಿತು. ಯಾರೋ ಫೋನಿನ ಹತ್ತಿರ ಬಂದರು.

"ಅಕ್ಕಾರ."

"ರಜಾಕ್, ನಾನು..."

"ಇರ್ಲಿ ಬಿಡ್ರಿ. ನೀವೇನು ಮಾಡ್ತೀರಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. "ಈಗ ಹೊಂಟ್ರ ಜವೇರಿಯಾನ ಸ್ಕೂಲ್ ಬಿಡೋದ್ರೊಳಗ ಒಳಗ ಸೇರಿಕೊಳ್ಳಬಹುದು. ನಾಟಕ ಚಲೋ ಆತ್ರಿ. ನಾ ಬರ್ತೀನಿ ಹಂಗಾರ."

ವತ್ಸಲಾಗೆ ಎಷ್ಟೋ ಹೇಳುವುದಿತ್ತು. ತಡಿ ಎನ್ನಬೇಕಿತ್ತು, ಎಲ್ಲಿದ್ದೀಯ ಅಲ್ಲೇ ಇರು, ನಾನೇ ಬಂದು ಅವರಿಗೆ ಎಲ್ಲ ಹೇಳುತ್ತೇನೆ ಎನ್ನಬೇಕಿತ್ತು. ಬಂದದ್ದು ನಾಲಿಗೆಗೆ ರೂಢಿಯಾದ ಮಾತು. ಊರು ಬಿಟ್ಟು ಹೊರಟ ಎಲ್ಲರಿಗೂ ನಮ್ಮ ಹೆಂಗಸರು ಬಾಗಿಲಲ್ಲಿ ನಿಂತು ಹೇಳುತ್ತಾರಲ್ಲ, ಅದೇ.

"ಹೂಂ ಕಣಪ್ಪ. ಮನೆ ಕಡೆ ಬರ್ತಾ ಇರು."

ಆಡಿದ ಮೇಲೆ ಅವಳಿಗೇ ಕೇಳಿಸಿತು.

"ಆತ್ರಿ ಅಕ್ಕಾರ" ಎಂದ ರಜಾಕ್. ಅವನ ಮಾತಿನಲ್ಲಿ ವ್ಯಂಗ್ಯ ಇದೆಯೇನೋ ಎಂದು ವತ್ಸಲಾ ಕಿವಿಗೊಟ್ಟು ಹುಡುಕಿದಳು. ಇರಲಿಲ್ಲ. ದೊಡ್ಡವರು ಬಾ ಎಂದಾಗ ಹೂಂ ಎನ್ನುವ ಹಾಗೆಯೇ ಅಂದಿದ್ದ, ಅಂದು ಫೋನಿಟ್ಟ.